ಖಾಲಿ ಬಿಟ್ಟ ವೃತ್ತಗಳು

ಮಾಸ್ತರರ ಮುಖ ಸದಾ ಗೋಡೆಯ ಕಡೆಗಿರುತ್ತಿತ್ತು, ಎಡಗಿವಿ ಮಾತ್ರ ನಮ್ಮ ಕಡೆಗೆ. ಗಜೇಂದ್ರಗಡದ ಅವರ ಮನೆಯ ಪಡಸಾಲೆಯಲ್ಲಿ, ಹೆಂಡತಿಯ ಸೀರೆ ಮಗ್ಗದ ಪಕ್ಕದಲ್ಲೇ, ನಾವು ಏಳೆಂಟು ಜನ ಸರ್ಕಾರಿ ನೌಕರಿಯ ಪರೀಕ್ಷೆಗೆ ತಯಾರಾಗುತ್ತಿದ್ದೆವು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ವೃತ್ತ ತುಂಬಬೇಕು. ಸರಿಯಾದರೆ ಒಂದು ಅಂಕ, ತಪ್ಪಾದರೆ ಕಾಲು ಅಂಕ ಕಡಿತ, ಖಾಲಿ ಬಿಟ್ಟರೆ ಏನೂ ಇಲ್ಲ.

“ನಾಕು ತಪ್ಪು ಕೂಡಿ ಒಂದು ಸರಿ ಉತ್ತರಾ ತಿಂದು ಹಾಕ್ತಾವು,” ಎನ್ನುತ್ತಿದ್ದರು.

ಯಾರಾದರೂ ಊಹೆಯಿಂದ ತುಂಬತೊಡಗಿದರೆ ತಿರುಗಿ ನೋಡದೆಯೇ, “ತಂಗೀ, ಅದನ್ನ ಬಿಡು,” ಎಂದುಬಿಡುವರು. ಒಮ್ಮೆಯೂ ತಪ್ಪಿದ್ದಿಲ್ಲ.

“ಗ್ವಾಡ್ಯಾಗ ಕಣ್ಣ ಇಟ್ಟೀರೇನ್ರಿ ಸರ?” ಎಂದು ಒಮ್ಮೆ ಕೇಳಿದೆ.

“ಮಗ್ಗದ ಮನಿಯಾಗ ಹುಟ್ಟಿದ ಕಿವಿ ಇದು. ಎಳಿ ಹರಿಯೂದು ಮದಲ ಇದಕ್ಕ ತಿಳಿತೈತಿ. ಗೊತ್ತಿದ್ದಾವರ ಪೆನ್ನು ಸಾವಕಾಶ ತಿರಗತೈತಿ, ಗೊತ್ತಿಲ್ಲದಾವರದು ಗಾಬರಿಬಿದ್ದು ಓಡತೈತಿ.”

ಪರೀಕ್ಷೆಗೆ ಎರಡು ತಿಂಗಳಿರುವಾಗ ಅವರು ತೀರಿಕೊಂಡರು. ವಯಸ್ಸಿನ ಮಿತಿಯಿಂದಾಗಿ ನನಗದು ಕೊನೆಯ ಅವಕಾಶವಾಗಿತ್ತು.

ಗದಗಿನ ಪರೀಕ್ಷಾ ಕೋಣೆಯಲ್ಲಿ ಕೊನೆಗೆ ಒಂಬತ್ತು ಪ್ರಶ್ನೆ ಉಳಿದವು. ಆದದ್ದಾಗಲಿ ಎಂದು ಊಹೆಯಿಂದಲೇ ಒಂದಕ್ಕೆ ಪೆನ್ನು ಊರಹೋದೆ. ಹಿಂದಿನಿಂದ ಟಪ್ಪೆಂದಿತು. ಮಗ್ಗದಲ್ಲಿ ಎಳೆ ಹರಿದ ಸದ್ದು. ಅಕ್ಕಪಕ್ಕದವರು ತಲೆ ಎತ್ತಲಿಲ್ಲ. ಅದನ್ನು ಖಾಲಿ ಬಿಟ್ಟು ಮುಂದಿನದಕ್ಕೆ ಹೋದೆ. ಮತ್ತೆ ಟಪ್. ಹೀಗೆ ಆರು ಸಲ. ಉಳಿದ ಮೂರಕ್ಕೆ ಸದ್ದಾಗಲಿಲ್ಲ. ಅವನ್ನಷ್ಟೇ ತುಂಬಿದೆ.

ಸರಿ ಉತ್ತರಗಳ ಪಟ್ಟಿ ಬಂದಾಗ ತಾಳೆ ನೋಡಿದೆ. ಆ ಮೂರೂ ಸರಿ. ಬಿಟ್ಟ ಆರರಲ್ಲಿ ನಾನು ತುಂಬಹೊರಟಿದ್ದು ಒಂದು ಸರಿ, ಐದು ತಪ್ಪು. ತುಂಬಿದ್ದರೆ ಒಂದು ಅಂಕ ಬಂದು ಒಂದೂಕಾಲು ಹೋಗುತ್ತಿತ್ತು. ಆಮೇಲೆ ಬಂದ ಆಯ್ಕೆಪಟ್ಟಿಯಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ನನ್ನದೇ. ಕಾಲು ಅಂಕ ಇಳಿದಿದ್ದರೂ ನೌಕರಿ ತಪ್ಪುತ್ತಿತ್ತು.

ಪೇಢೆ ಹಿಡಿದುಕೊಂಡು ಮಾಸ್ತರರ ಮನೆಗೆ ಹೋದೆ. ಅವರ ಹೆಂಡತಿ ಮಗ್ಗ ನಿಲ್ಲಿಸಿ ನನ್ನನ್ನೇ ನೋಡಿದರು.

“ಆರು ಬಿಟ್ಟು ಬಂದಿ, ಹೌದಿಲ್ಲ ತಂಗಿ?”

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

“ನಿನ್ನ ಪರೀಕ್ಷಾ ದಿನ ಚಲೋ ಎಳಿ ಸುಮ್ಸುಮ್ಕ ಹರದ್ವು ನೋಡವಾ, ಆರು ಸರ್ತಿ. ಬೈಕೋಂತ ಗಂಟ ಹಾಕಿ ಮುಗಿಸೀನಿ. ಆ ಸೀರಿ ಯಾವ ಗಿರಾಕಿನೂ ಒಯ್ಯಂಗಿಲ್ಲ. ನೀನರ ಉಡು.”

ರೋಣದ ಕಚೇರಿಗೆ ಮೊದಲ ದಿನ ಅದನ್ನೇ ಉಟ್ಟು ಹೋದೆ. ಬಣ್ಣ ಈಗ ಮಾಸಿದೆ. ಮಡಚುವಾಗ ಗಂಟುಗಳು ಬೆರಳಿಗೆ ಸಿಗುತ್ತವೆ. ಇಷ್ಟು ವರ್ಷ ಒಗೆದರೂ ಒಂದೂ ಬಿಚ್ಚಿಲ್ಲ.