ಸುಣ್ಣದ ಬೊಟ್ಟಿನ ಚಿಪ್ಪು

ತೇಜು, ಸಿಂಚನಾ, ನನ್ನ ಎಲೆಯಡಿಕೆ ತಟ್ಟೆಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಬಿದ್ದಿರುವ, ಜರಿಹುಳುವಿನಂತೆ ಕಾಲುಗಳಿರುವ ಕರಿಯ ಚಿಪ್ಪು ಏನೆಂದು ನೀವು ಕೇಳುತ್ತಲೇ ಇರುತ್ತೀರಿ. ನಮ್ಮ ಕಡೆ ಚಿಪ್ಪು ಎಂದರೆ ತೆಂಗಿನದು, ಏನೂ ದಕ್ಕದಿದ್ದಾಗ ಕೈಗೆ ಬರುವಂಥದು. ಇದು ಬರೆದದ್ದನ್ನು ಒಳಗೆ ನೆನಪಿಟ್ಟುಕೊಳ್ಳುವ ಚಿಪ್ಪು. ಪಂಪ್‌ಸೆಟ್ಟಿನ ಸ್ಟಾರ್ಟರ್ ಬೋರ್ಡಿನಲ್ಲಿ ಕೂತು, ಕರೆಂಟು ಬಂದೊಡನೆ ಮೋಟಾರನ್ನು ಎಬ್ಬಿಸುವುದು, ಬೋರ್‌ವೆಲ್ಲಿನಲ್ಲಿ ನೀರಿಲ್ಲದಾಗ ನಿಲ್ಲಿಸುವುದು ಇದರ ಕೆಲಸ.

ಪಾಂಡವಪುರದ ನಮ್ಮ ಅಂಗಡಿಗೆ ಇಂಥ ಚಿಪ್ಪುಗಳಿಗೆ ಬುದ್ಧಿ ಬರೆಯುವ ಪ್ರೋಗ್ರಾಮರ್ ಪೆಟ್ಟಿಗೆಯನ್ನು ತಂದವರು ನಿಮ್ಮ ತಾತ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿಗೇ ನಿಂತ ನನಗೆ ಅದನ್ನು ಕಲಿಸಿದವರೂ ಅವರೇ. ಗಿರಾಕಿಗಳ ಮುಖ ನೋಡಿ ಮಾತಾಡಲು ನಾಚುವ ನನಗೆ, ಗೋಡೆಯ ಕಡೆ ತಿರುಗಿ ಮಾಡುವ ಆ ಕೆಲಸ ಚೆನ್ನಾಗಿ ಒಗ್ಗಿತು. ಅವರು ಹೋದ ಮೇಲೆ ಆ ಕುರ್ಚಿಯಲ್ಲಿ ಕೂತಾಗ ಮಾತ್ರ ನಾನೂ ಬೇಕಾದವಳು ಎನಿಸುತ್ತಿತ್ತು.

ಆಮೇಲೆ ನನ್ನ ವಾರಗಿತ್ತಿ ಸಾವಿತ್ರಿ, ಅಂದರೆ ನಿಮ್ಮ ಚಿಕ್ಕಜ್ಜಿ, ಬೆಂಕಿಪೊಟ್ಟಣದಷ್ಟಿರುವ ಹೊಸ ಪ್ರೋಗ್ರಾಮರ್ ತಂದಳು. ಹೊತ್ತು ಅಳೆಯಲು ನನಗೆ ಗಡಿಯಾರಕ್ಕಿಂತ ಮಗ್ಗಿ ರೂಢಿ. ನನ್ನ ಪೆಟ್ಟಿಗೆ ಒಂದು ಚಿಪ್ಪು ಬರೆದು, ಬರೆದದ್ದನ್ನು ತಾನೇ ಮತ್ತೆ ಓದಿ ನೋಡಿ ಹಸಿರು ದೀಪ ಹೊತ್ತಿಸುವಷ್ಟರಲ್ಲಿ ಹದಿನಾರರಿಂದ ಹತ್ತೊಂಬತ್ತರ ತನಕ ಮಗ್ಗಿ ಮುಗಿಯುತ್ತಿತ್ತು. ಅವಳದು ಎರಡರ ಮಗ್ಗಿ ಮುಗಿಯುವುದರೊಳಗೆ ಓದಿಯೂ ಆಗಿರುತ್ತಿತ್ತು. ಕೆ.ಆರ್. ಪೇಟೆಯಿಂದ ಬಂದವರೂ ಅವಳ ಮೇಜಿಗೇ ಹೋಗತೊಡಗಿದರು. ನನ್ನ ಹೊಟ್ಟೆ ಉರಿಸಿದ್ದು ವೇಗವೊಂದೇ ಅಲ್ಲ. ಮುಗಿದ ಚಿಪ್ಪಿನ ಗುರುತಿಗೆ ಅವಳು ತನ್ನ ಹಣೆಯ ಕುಂಕುಮವನ್ನೇ ಬೆರಳಿಗೆ ತೆಗೆದು ಬೊಟ್ಟಿಡುತ್ತಿದ್ದಳು. ನಾನು ಎಲೆಗೆ ಹಚ್ಚುವ ಸುಣ್ಣದಲ್ಲಿ.

ಎರಡು ಪೆಟ್ಟಿಗೆ ಯಾಕೆ, ಒಂದು ವಾರ ನೋಡಿ ಒಂದನ್ನು ಉಳಿಸಿಕೊಳ್ಳೋಣ ಎಂದು ಮೈದುನ ಅಂದಾಗ ಕೂತ ಕುರ್ಚಿಯೇ ಅಲುಗಿತು. ವೇಗದಲ್ಲಿ ಸೋತರೂ ನಂಬಿಕೆಯಲ್ಲಿ ಗೆಲ್ಲುವೆನೆಂದುಕೊಂಡೆ. ಅವಳ ಚಿಪ್ಪುಗಳು ಕೆಡಲಿ ಎಂದು ಬೆಳಿಗ್ಗೆ ದೀಪ ಹಚ್ಚುವಾಗ ಬೇಡಿಕೊಂಡದ್ದೂ ಉಂಟು. ದೇವರು ಅರ್ಧ ಮಾತ್ರ ಕೇಳಿಸಿಕೊಂಡ.

ವಾರದ ಕೊನೆಗೆ ಬಿಂಡಿಗನವಿಲೆಯ ಬೋರಣ್ಣ ಬೋರ್ಡು ಹಿಡಿದು ಬಂದ. “ಕರೆಂಟ್ ಬಂದ್ರೂ ಏಳಕಿಲ್ಲ ಅಂತದೆ ಕಣವ್ವಾ ಮೋಟ್ರು. ನಮ್ಮನೆ ಎಮ್ಮೆನೇ ವಾಸಿ.” ನನಗೆ ಒಳಗೊಳಗೇ ಹಬ್ಬ. ನಾನೇ ಮುಂದೆ ಹೋಗಿ ಮುಚ್ಚಳ ಬಿಚ್ಚಿದೆ. ಸುಣ್ಣದ ಬೊಟ್ಟು. ಯಾರೂ ನೋಡುವ ಮುಂಚೆ ಹೆಬ್ಬೆರಳಲ್ಲಿ ಒರೆಸಿಬಿಟ್ಟೆ.

ಬೆಳ್ಳಗಾದ ಹೆಬ್ಬೆರಳನ್ನು ಸಾವಿತ್ರಿ ನೋಡಿದಳು. ಬೇರೆ ಚಿಪ್ಪು ಹಾಕಿ ಬೋರಣ್ಣನನ್ನು ಕಳಿಸಿದ ಮೇಲೆ ಮೆಲ್ಲಗೆ ಅಂದಳು: “ನನ್ ಸಮಕ್ಕೆ ಓಡಕ್ಕೋಗಿ ನೀನು ಓದ್ಸದ್ನೇ ಬುಟ್ಬುಟ್ಟಿದ್ದೆ, ಅಲ್ವೇನಕ್ಕಾ?”

ನಿಜ. ಅವಳನ್ನು ಹಿಂದೆ ಹಾಕುವ ಆತುರದಲ್ಲಿ ಎರಡು ದಿನ, ಮತ್ತೆ ಓದಿ ನೋಡಲು ಬಿಡದೆ, ಹದಿನೇಳರ ಮಗ್ಗಿಗೇ ಚಿಪ್ಪು ಕಿತ್ತಿದ್ದೆ. ನಿಮ್ಮ ತಾತನ ಪೆಟ್ಟಿಗೆಗಿದ್ದ ಒಂದೇ ಒಳ್ಳೆಯ ಗುಣವನ್ನು ಹೊಟ್ಟೆಕಿಚ್ಚಿಗೆ ಸುರಿದಿದ್ದೆ. ಅವಳ ಕುಂಕುಮದ ಒಂದು ಚಿಪ್ಪೂ ಹಿಂದಿರುಗಿರಲಿಲ್ಲ. ಅವಳು ಮೈದುನನಿಗೆ ಹೇಳಲಿಲ್ಲ. ನಾನೇ ಹೇಳಿದೆ, ಗೋಡೆಯ ಕಡೆ ಮುಖ ಮಾಡಿಕೊಂಡು.

ಹಳೆಯ ಪೆಟ್ಟಿಗೆ ಅಟ್ಟ ಸೇರಿತು. ಕುರ್ಚಿ ಮಾತ್ರ ಉಳಿಯಿತು, ಅವಳು ಹಟ ಹಿಡಿದು ಉಳಿಸಿದಳು. ಈಗ ಅವಳ ಪ್ರೋಗ್ರಾಮರಿನಲ್ಲೇ ಬರೆಯುತ್ತೇನೆ. ಆ ಹಸಿರು ದೀಪ ಅಷ್ಟು ಬೇಗ ಹೊತ್ತಿಕೊಂಡಾಗ ನನ್ನೊಳಗೂ ಸಣ್ಣಗೆ ಏನೋ ಹೊತ್ತಿಕೊಳ್ಳುತ್ತದೆ, ಸುಳ್ಳು ಹೇಳಲಾರೆ.

ತಟ್ಟೆಯಲ್ಲಿರುವುದು ಬೋರಣ್ಣನ ಬೋರ್ಡಿನ ಆ ಚಿಪ್ಪು. ಒರೆಸಿದ ಜಾಗದಲ್ಲಿ ನಾನೇ ಮತ್ತೆ ಸುಣ್ಣ ಇಟ್ಟಿದ್ದೇನೆ. ಈ ಹಾಳೆಗಳನ್ನೂ ಬರೆದ ಮೇಲೆ, ಮಗ್ಗಿ ಎಣಿಸದೆ ಮೊದಲಿಂದ ಓದಿ ನೋಡಿ, ಕೊನೆಯ ಮೂಲೆಗೆ ಒಂದು ಬೊಟ್ಟಿಟ್ಟೆ. ಅದು ಉದುರದ ಹಾಗೆ ಮಡಿಸಿ, ಚಿಪ್ಪಿನ ಜೊತೆಯಲ್ಲೇ ಜೋಪಾನವಾಗಿಡಿ, ಮಕ್ಕಳೇ.