ಮುದ್ದಮ್ಮನ ಗೋಡೆ

ಬಂಡೂರಿನ ಮುದ್ದಮ್ಮನಿಗೆ ಖಾಲಿ ಗೋಡೆ ಕಂಡರೆ ಕೈ ತುರಿಸುತ್ತದೆ. ಊರ ಹೆಂಗಸರು ಹಬ್ಬಕ್ಕೊಂದು ಸಲ ಸುಣ್ಣ ಕಾರಣೆ ಬಳಿದು ಕೈ ತೊಳೆದುಕೊಂಡರೆ, ಇವಳು ಒಲೆ ಮೇಲೆ ಹಿಟ್ಟು ತಳ ಹಿಡಿಯುತ್ತಿದ್ದರೂ ಕೆಮ್ಮಣ್ಣು ಕದಡುತ್ತಾ ಕೂತಿರುತ್ತಾಳೆ. ಕುರಿ, ನವಿಲು, ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ಹೊಗೆ ಕಾರುತ್ತಾ ಮದ್ದೂರಿಗೆ ಹೋಗುವ ಇದ್ದಲಿನ ಬಸ್ಸು, ಎಲ್ಲವೂ ಅವಳ ಜಗಲಿಯ ಗೋಡೆ ಮೇಲೆ. ಮಳೆಯ ಎರಚಲಿಗೆ ಅಳಿಸಿಹೋದರೆ ಮತ್ತೆ ಬರೆಯುತ್ತಾಳೆ. "ಅಳ್ಸೋಗೋದ್ನ ಯಾಕಮ್ಮಿ ಬರಿತೀಯೆ?" ಎಂದರೆ, "ಉಂಡಿದ್ದೂ ಕರಗೋಯ್ತದೆ, ನೀನು ಉಣ್ಣೋದು ಬುಟ್ಟಿದ್ದೀಯಾ?" ಎಂದು ಬಾಯಿ ಮುಚ್ಚಿಸುತ್ತಾಳೆ. ಗಂಡ ಕೆಂಪಸಿದ್ದಯ್ಯ "ಎಲಡ್ಕೆಗೂ ಸುಣ್ಣ ಉಳುಸ್ಲಿಲ್ವಲ್ಲೇ ಮನೆಹಾಳಿ" ಎಂದು ದಿನವೂ ಬೈಯುತ್ತಿದ್ದ. ಆದರೆ ಬೆನ್ನು ಎಷ್ಟೇ ನೊಂದರೂ, ಚಿತ್ರ ಕೆಡುತ್ತದೆಂದು, ಆ ಗೋಡೆಗೆ ಮಾತ್ರ ಒರಗುತ್ತಿರಲಿಲ್ಲ. ಹೋದ ತಿಂಗಳು ಅವನು ತೀರಿಕೊಂಡ. ತಿಥಿ ಮುಗಿದ ಮಾರನೆಯ ಬೆಳಿಗ್ಗೆಯೇ ಮುದ್ದಮ್ಮ ಸುಣ್ಣದ ಕುಡಿಕೆ ಹಿಡಿದಳು. "ಮುಂಡೆಯಾದೋಳು ಬಣ್ಣ ಮುಟ್ಬಾರ್ದು ಕಣಮ್ಮಿ" ಎಂದು ಊರ ಯಜಮಾನ ರಾಮಲಿಂಗಯ್ಯ ಅಡ್ಡ ಬಂದ. "ಸತ್ತಿರೋದು ಅವ್ನು ಕಣಣ್ಣ, ನನ್ ಕೈಯಲ್ಲ. ಅತ್ಲಾಗ್ ನಿಂತ್ಕೊ, ಬೆಳಕು ಬರ್ಲಿ" ಎಂದಳು. ಮಧ್ಯಾಹ್ನದ ಹೊತ್ತಿಗೆ ಗೋಡೆಯಲ್ಲಿ ಕೆಂಪಸಿದ್ದಯ್ಯ ಮೂಡಿದ್ದ: ಬಾಯ್ತುಂಬ ಎಲೆಯಡಿಕೆ ತುಂಬಿಕೊಂಡು, ಮೊದಲ ಸಲ ಆ ಗೋಡೆಗೇ ಹಾಯಾಗಿ ಬೆನ್ನು ಕೊಟ್ಟು ಕೂತಿದ್ದ.