ಹುಬ್ಬೆತ್ತಿದರೆ ಹೌದು

ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ಜೋಳದ ಹಿಟ್ಟು ನಾದುತ್ತಿದ್ದೆ. ನಮ್ಮವರಿಗೆ ಉಸಿರು ಸಾಲುತ್ತಿಲ್ಲ, ಇವತ್ತೇ ಒಂದು ನಿರ್ಧಾರ ಆಗಬೇಕು ಎಂದರು. ಹಿಟ್ಟಿನ ಮೇಲೆ ತಾಟು ಮುಚ್ಚಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಹತ್ತಿದೆ. ಕೊರೊನಾ ಇಳಿದ ಮರುವರ್ಷದ ಮಾತಿದು. ನನ್ನ ನೌಕರಿ ಮನೆಗೆಲಸ. ಆಗ ಅದರಲ್ಲಿ ರೋಗಿಯ ಆರೈಕೆಯೂ ಸೇರಿತ್ತು.

ನಮ್ಮವರಿಗೆ ಮೋಟರ್ ನ್ಯೂರಾನ್ ಕಾಯಿಲೆ. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ. ಅವರ ಬುದ್ಧಿ ಮಾತ್ರ ಚೊಕ್ಕ ಇತ್ತು. ಸಿಕಂದರಾಬಾದಿನಲ್ಲಿ ಬಟ್ಟೆ ಅಂಗಡಿ ನಡೆಸಿದ ಬಾಯಿ ಮೊದಲು ತೊದಲಿತು, ಆಮೇಲೆ ನಿಂತೇ ಹೋಯಿತು. ಆಗ ಆಸ್ಪತ್ರೆಯ ಥೆರಪಿಸ್ಟ್ ಸ್ವಾತಿ ಇಎಂಜಿ ಯಂತ್ರ ತಂದಳು. ಸ್ನಾಯು ಬಿಗಿದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಹಣೆಗೆ ಅಂಟಿಸಿದ ಸೆನ್ಸರ್ ಹಿಡಿಯುತ್ತದೆ. ಹುಬ್ಬೆತ್ತಿದರೆ ಅದಕ್ಕೆ ಜೋಡಿಸಿದ ಟ್ಯಾಬ್ ಹೌದು ಎನ್ನುತ್ತದೆ, ಸುಮ್ಮನಿದ್ದರೆ ಬೇಡ ಎನ್ನುತ್ತದೆ.

ಅದರಲ್ಲಿ ಕನ್ನಡದ ದನಿ ಇರಲಿಲ್ಲ. ತೆಲುಗಿನ ಸ್ವಾತಿ ನನ್ನಿಂದಲೇ ಹೇಳಿಸಿ ರೆಕಾರ್ಡ್ ಮಾಡಿಕೊಂಡಳು. ಗಂಡನ ಮುಂದೆ ನಿಂತವಳ ಬಾಯಲ್ಲಿ ಬಂದದ್ದು 'ಹೌದ್ರಿ', 'ಬ್ಯಾಡ್ರಿ'. ಮೊದಲ ದಿನ ಫ್ಯಾನ್ ಹಚ್ಚಲೇ ಎಂದು ಕೇಳಿದೆ. "ಹೌದ್ರಿ" ಎಂದಿತು.

"ಮದುವಿಯಾಗಿ ಇಷ್ಟು ವರ್ಷಕ್ಕ ನನಗ 'ರಿ' ಹಚ್ಚಿ ಮಾತಾಡಿದ್ರಿ ನೋಡ್ರಿ" ಅಂದೆ. ಅವರ ಕಣ್ಣುಗಳು ನಕ್ಕವು.

ಆಸ್ಪತ್ರೆಯಲ್ಲಿ ಡಾಕ್ಟರು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಗಂಟಲಿಗೆ ರಂಧ್ರ ಮಾಡಿ ವೆಂಟಿಲೇಟರ್ ಜೋಡಿಸಿದರೆ ಬದುಕುತ್ತಾರೆ, ಆದರೆ ಕೊನೆಯವರೆಗೂ ಆ ಯಂತ್ರದ ಮೇಲೇ. ಜೋಡಿಸದಿದ್ದರೆ ಕೆಲವೇ ವಾರ. ಜೋಡಿಸಲೇ ಎಂದು ನಮ್ಮವರನ್ನೇ ಕೇಳಿದರು. ಹುಬ್ಬು ಏರಿತು. "ಹೌದ್ರಿ" ಎಂದಿತು ನನ್ನ ದನಿ. ಮೈದುನ ಶಿವಾನಂದ ದೇವರಿಗೆ ಕೈ ಮುಗಿದ.

ನನಗೆ ಸಮಾಧಾನವಾಗಲಿಲ್ಲ. ನಮ್ಮ ಕಡೆ ಬೇಡ ಎನ್ನಲೂ ಹುಬ್ಬೆತ್ತಿ 'ಚ್' ಎನ್ನುತ್ತಾರೆ. ಇನ್ನೊಂದು ರೊಟ್ಟಿ ಹಾಕಲೇ ಎಂದರೆ ಜೀವಮಾನವಿಡೀ ಅವರು ಹಾಗೇ ಅಂದದ್ದು. ಫ್ಯಾನಿಗೂ ಹೊದಿಕೆಗೂ ಸ್ವಾತಿ ಕಲಿಸಿದ್ದನ್ನು ನೆನಪಿಟ್ಟು ಉತ್ತರಿಸುತ್ತಿದ್ದರು. ಇದಕ್ಕೆ ಉತ್ತರಿಸಿದ್ದು ಕಲಿತ ಹುಬ್ಬೋ, ಹಳೆಯ ಹುಬ್ಬೋ?

ಸ್ವಾತಿಗೆ ಹೇಳಿದೆ. ಅವಳ ಮುಖ ಇಳಿಯಿತು. ಅವಳ ಅಜ್ಜಿಯೂ ಹಾಗೇ ಮಾಡುತ್ತಾರಂತೆ. ದವಡೆಗೆ ಇನ್ನೊಂದು ಸೆನ್ಸರ್ ಅಂಟಿಸಿದಳು. ಹಲ್ಲು ಕಚ್ಚಿದರೆ ಹೌದು, ಹುಬ್ಬೆತ್ತಿದರೆ ಬೇಡ ಎಂದು ಬದಲಿಸಿ, ನಮ್ಮವರಿಗೂ ತಿಳಿಸಿದಳು. ಡಾಕ್ಟರು ಮತ್ತೆ ಕೇಳಿದರು.

"ಬ್ಯಾಡ್ರಿ."

ಹಾಗಾದರೆ ಮನೆಗೆ ಹೋಗೋಣವೇ ಎಂದು ನಾನು ತಿರುಗಿಸಿ ಕೇಳಿದೆ. ದವಡೆ ಬಿಗಿಯಿತು. "ಹೌದ್ರಿ."

ಶಿವಾನಂದ ನನ್ನತ್ತ ತಿರುಗಿದ. "ವೈನಿ, ಇದು ಅಣ್ಣನ ಮಾತಲ್ರಿ. ನಿಮ್ಮ ದನಿ ಐತಿ."

"ದನಿ ನಂದೈತಪಾ, ಹುಬ್ಬು ಅವರದು. ನೀನೇ ಕೇಳು. ನಾ ಹೊರಗ ನಿಲ್ತೀನಿ."

ಅವನು ಕೇಳಿದ. ನನ್ನದೇ ದನಿ ಮತ್ತೆ 'ಬ್ಯಾಡ್ರಿ' ಎಂದದ್ದು ಬಾಗಿಲಾಚೆ ನಿಂತ ನನಗೂ ಕೇಳಿಸಿತು. ಒಳಗೆ ಹೋದಾಗ ಶಿವಾನಂದ ಅಣ್ಣನ ಕಾಲ ಮೇಲೆ ಹಣೆ ಇಟ್ಟು ಅಳುತ್ತಿದ್ದ.

ಮನೆಯಲ್ಲಿ ದಿನಾ ಅವರ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕೆಳಗೆ ನನ್ನ ಕೈ ಆನಿಸಿ ಪೂಜೆ ಮಾಡಿಸಿದೆ. ಉಸಿರಿಗಾಗಿ ಪಟ್ಟ ಸಂಕಟವನ್ನು ಬರೆಯಲಾರೆ. ಒಂದು ಬೆಳಗ್ಗೆ ಪೂಜೆ ಮುಗಿದ ಮೇಲೆ ಹೋದರು. ಪೂಜೆ ಮುಗಿಯುವ ತನಕ ಶಿವ ತಡೆದನಲ್ಲ, ಅಷ್ಟು ದಯೆ. ಹಣೆಯ ಮೇಲಿದ್ದ ಸೆನ್ಸರಿನ ಅಂಟು ಒರೆಸಿ ವಿಭೂತಿ ಹಚ್ಚಿದೆ. ಗಂಡನ ಉಸಿರಿಗೆ ಹೆಂಡತಿಯೇ ಬೇಡ ಅಂದಳು ಎಂದು ಬಳಗದವರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಟ್ಯಾಬ್ ಒಯ್ಯಲು ಬಂದ ಸ್ವಾತಿ, ನಿಮ್ಮ ದನಿ ಅಳಿಸಲೇ ಎಂದಳು. ಇರಲಿ, ಕನ್ನಡದ ಇನ್ನೊಬ್ಬರಿಗೆ ಬೇಕಾದೀತು ಎಂದೆ. ಆದರೆ ಅವರ ಮನೆಯಲ್ಲಿ ಬೇಡ ಎನ್ನುವುದು ಹೇಗೆ ಎಂದು ಮೊದಲು ಕೇಳಿಕೋ, ದೊಡ್ಡ ಪ್ರಶ್ನೆಯನ್ನು ತಿರುಗಿಸಿ ಎರಡನೇ ಸಲ ಕೇಳು ಎಂದೆ. ಆ ಆರೈಕೆ ನನಗೆ ಕಲಿಸಿದ್ದು ಇಷ್ಟೇ.

ಹುಡುಗಿ ಊಟ ಮಾಡಿರಲಿಲ್ಲ. ರೊಟ್ಟಿಗೆ ಎಸರಿಟ್ಟೆ.